ಮಕಾರಕ್ಕೆ ಬಂದ ಕೊಂಬು

ಜೂನ್ 11, ಮಂಗಳವಾರ

ಅಮ್ಮ ಇವತ್ತು ನನ್ನನ್ನು ಒಂದು ಪ್ಯಾಂಟಿನ ಜೊತೆ ಕೊಟ್ಟುಬಿಟ್ಟಳು.

ಅವಳ ಹೊಲಿಗೆ ಅಂಗಡಿಗೆ ಹಿರಿಯರೊಬ್ಬರು ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬಂದಿದ್ದರು. ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಈಗ ನಾನು ಓದಿದ ಪ್ರಾಥಮಿಕ ಶಾಲೆಯ ಆಡಳಿತ ಸಮಿತಿಗೆ ಅಧ್ಯಕ್ಷರು. ಸಮಿತಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಒಂದು ಜಾಗ ಎರಡು ವರ್ಷದಿಂದ ಖಾಲಿ ಇದೆ, ಯಾರೂ ಸಿಗುತ್ತಿಲ್ಲ ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, "ನಮ್ಮನೇಲಿ ಒಬ್ಬಳಿದಾಳೆ, ಕರ್ಕೊಂಡು ಹೋಗಿ" ಎಂದಳು.

"ಏನು ಓದಿದಾಳೆ?"

"ಎಂ.ಎ. ಸಾಹಿತ್ಯ. ದಿನಾ ಕಿಟಕಿ ಹತ್ರ ಕೂತು ಬೀದಿ ನೋಡ್ತಾಳೆ."

"ಮಾತಾಡ್ತಾಳಾ?"

"ಕೇಳಿದ್ರೆ ತಲೆ ಆಡಿಸ್ತಾಳೆ."

"ಸಮಿತಿಗೆ ಅಷ್ಟು ಸಾಕು."

ಇದೆಲ್ಲ ನಡೆದಾಗ ನಾನು ಅಲ್ಲೇ, ಆ ಕಿಟಕಿಯ ಹತ್ತಿರವೇ ಇದ್ದೆ. ಸಂಬಳವಿಲ್ಲ, ತಿಂಗಳಿಗೆ ಒಂದು ಸಭೆ, ಒಂದೇ ಗಂಟೆ. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಮಿಷನ್ ತುಳಿಯಲು ಶುರು ಮಾಡಿದಳು. ಆ ಸದ್ದಿನ ಮೇಲೆ ಮಾತಾಡುವ ಧ್ವನಿ ನನ್ನಲ್ಲಿಲ್ಲ. ಕಳೆದ ಸಲ ಕೆಲಸದ ಸಂದರ್ಶನದಲ್ಲಿ ಹೆಸರು ಹೇಳಿದ್ದು ನನಗೇ ಕೇಳಿಸಿರಲಿಲ್ಲ.

ಜೂನ್ 15, ಶನಿವಾರ

ಮೊದಲ ಸಭೆ. ಹೆಡ್ ಮೇಡಂ ಕೋಣೆಯಲ್ಲಿ ದೊಡ್ಡವರ ಕುರ್ಚಿ ನಾಲ್ಕೇ ಇವೆ. ನನಗೆ ಒಂದನೇ ತರಗತಿಯಿಂದ ಒಂದು ತಂದುಕೊಟ್ಟರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಬರೆಯಲು ಅನುಕೂಲ.

ನಾವು ಐದು ಜನ. ಅಧ್ಯಕ್ಷರು, ಹೆಡ್ ಮೇಡಂ, ಹಲ್ಲಿನ ಡಾಕ್ಟರಮ್ಮ, ಪೋಷಕರ ಪರವಾಗಿ ಪ್ಲಂಬರಣ್ಣ, ಮತ್ತು ನಾನು. ಅಧ್ಯಕ್ಷರು ಸಭೆಯನ್ನು ಬಸ್ಸಿನಂತೆಯೇ ಓಡಿಸುತ್ತಾರೆ. ಒಂದು ವಿಷಯ ಮುಗಿದ ಕೂಡಲೆ "ರೈಟ್!" ಅನ್ನುತ್ತಾರೆ. ಯಾರಾದರೂ ಎಳೆದರೆ, "ಮುಂದೆ ಹೋಗ್ರೀ, ಬಾಗಿಲಲ್ಲಿ ನಿಲ್ಲಬೇಡಿ" ಅನ್ನುತ್ತಾರೆ. ಜೇಬಿನಲ್ಲಿ ಹಳೆಯ ಸೀಟಿಯೂ ಇದೆಯಂತೆ. ಇನ್ನೂ ಊದಿಲ್ಲ.

ಎಲ್ಲಕ್ಕಿಂತ ಮೊದಲು ಅವರು ಹೇಳಿದ ವಾಕ್ಯ: "ಹಿಂದಿನ ಸಭೆಯ ನಡಾವಳಿಯನ್ನು ಓದಿದಂತೆ ಭಾವಿಸಲಾಗಿದೆ, ರೈಟ್!" ಸಭೆಯಲ್ಲಿ ಆದ ತೀರ್ಮಾನಗಳನ್ನು ಬರೆದಿಟ್ಟ ಕಾಗದಕ್ಕೆ ನಡಾವಳಿ ಎಂದು ಹೆಸರು. ಅದನ್ನು ಓದಬೇಕು, ಆದರೆ ಓದುವುದಿಲ್ಲ, ಓದಿದಂತೆ ಭಾವಿಸುತ್ತಾರೆ. ನನಗೆ ಈ ಮಾತು ಬಹಳ ಹಿಡಿಸಿತು. ನನ್ನ ಎಂ.ಎ. ತರಗತಿಯ ಅರ್ಧ ಜನ ಈ ವಿಧಾನದಿಂದಲೇ ಪಾಸಾದವರು.

ಅಕ್ಷರ ಚೆನ್ನಾಗಿದೆ ಎಂದು ಇನ್ನು ಮುಂದೆ ನಡಾವಳಿ ಬರೆಯುವ ಕೆಲಸ ನನ್ನದು. ಬರೆಯುವವಳು ಮಾತಾಡಬೇಕಾಗಿಲ್ಲ. ಒಳ್ಳೆಯದೇ ಆಯಿತು.

ಜೂನ್ 27, ಗುರುವಾರ

ತಿಂಗಳಿಗೆ ಒಂದು ಗಂಟೆ ಅಂದವರು ಯಾರು? ಹೆಡ್ ಮೇಡಂ ಕೊಳಾಯಿಗಳನ್ನು ಎಣಿಸಲು ಹೇಳಿದ್ದರು. ಎಣಿಸಿದೆ. ಹನ್ನೊಂದಿವೆ. ನಾಲ್ಕರಲ್ಲಿ ನೀರು, ಐದರಲ್ಲಿ ಗಾಳಿ, ಎರಡರಲ್ಲಿ ಜೇಡ. ಸಮಿತಿಯಲ್ಲೇ ಪ್ಲಂಬರ್ ಇರುವಾಗ ಹೀಗೇಕೆ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅವರೇ ಹೇಳಿದರು: "ನಾನೇ ಸದಸ್ಯ, ನಾನೇ ರಿಪೇರಿ ಮಾಡಿದ್ರೆ ಜನ ಏನಂತಾರೆ ಹೇಳಿ?"

ಬೀದಿಯಲ್ಲಿ ಯಾರೋ ತಾಯಿ ತಡೆದು ನಿಲ್ಲಿಸಿ, ಎರಡನೇ ತರಗತಿಯ ಕಿಟಕಿ ಮುರಿದಿದೆ, ನೀವು ಸಮಿತಿಯವರು ಏನು ಮಾಡ್ತಿದೀರಿ ಎಂದು ಗದರಿದರು. ನಾನು ತಲೆ ಆಡಿಸಿದೆ. ಅವರು ಸಮಾಧಾನವಾಗಿ ಹೊರಟುಹೋದರು. ಅಧ್ಯಕ್ಷರು ಹೇಳಿದ್ದು ನಿಜ, ಅಷ್ಟು ಸಾಕು.

ಜುಲೈ 6, ಶನಿವಾರ

ಇಂದು ಸಭೆಯ ನಡುವೆ ಎಲ್ಲರೂ ಓದುವ ಕೋಣೆ ನೋಡಲು ಹೋದೆವು. ವರಾಂಡದ ಕೊನೆಯಲ್ಲಿ, ಹಿಂದೆ ಮುರಿದ ಕುರ್ಚಿಗಳನ್ನು ಎಸೆಯುತ್ತಿದ್ದ ಜಾಗ. ನಾಲ್ಕನೇ ತರಗತಿಯಲ್ಲಿ ನನಗೆ ಪಾಠ ಮಾಡಿದ ಟೀಚರ್ ಹನ್ನೆರಡು ವರ್ಷದ ಹಿಂದೆ ಅದನ್ನು ಗುಡಿಸಿ, ಹಣ್ಣಿನ ಪೆಟ್ಟಿಗೆಗಳನ್ನು ಗೋಡೆಗೆ ಹೊಡೆಸಿ, ಪುಸ್ತಕ ಜೋಡಿಸಿದರು. ಅರ್ಧಕ್ಕರ್ಧ ಅವರ ಮನೆಯದೇ ಪುಸ್ತಕಗಳು. ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದರು. ನಾವು ಐದು ಜನ ದಾಟಿಕೊಂಡು ಹೋದರೂ ಒಂದು ತಲೆ ಮೇಲೆದ್ದಿದ್ದರೆ ಕೇಳಿ.

ಪ್ಲಂಬರಣ್ಣ ಹಡಗುಗಳ ಚಿತ್ರದ ಪುಸ್ತಕ ತೆಗೆದುಕೊಂಡು ಮೂಲೆ ಸೇರಿದವರು ಕರೆದರೂ ಬರಲಿಲ್ಲ. ಅಧ್ಯಕ್ಷರು ಬಾಗಿಲಲ್ಲೇ ನಿಂತು, "ಇಷ್ಟು ಜನ ತುಂಬಿಯೂ ಗಲಾಟೆ ಇಲ್ಲದ ಜಾಗ ನಾನು ಜೀವಮಾನದಲ್ಲಿ ನೋಡಿಲ್ಲ" ಎಂದು ಪಿಸುಗುಟ್ಟಿದರು. ಪಿಸುಗುಟ್ಟುವುದು ಅವರಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಟೀಚರ್ ನನ್ನ ಬೆನ್ನಿಗೆ ಗುದ್ದಿ, "ಏನೇ, ಸಮಿತಿಗೆ ಸೇರಿದೀಯಂತೆ? ಬಾಯಿ ಬಂತಾ ನಿನಗೆ?" ಅಂದರು. ನಾನು ನಕ್ಕೆ.

ನಡಾವಳಿಗೆ ಒಂದು ವಾಕ್ಯ ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಮೊದಲು ಹೊಗಳಿಕೆಯೇ ಆರು ಸಾಲಿತ್ತು. ಒಂದೊಂದಾಗಿ ಹೊಡೆದುಹಾಕಿದೆ. ಉಳಿದದ್ದು: "ಸಮಿತಿಯು ಓದುವ ಕೋಣೆಯನ್ನು ಸಂದರ್ಶಿಸಿ, ಸದರಿ ಕೋಣೆಯನ್ನು ಸರ್ವಾನುಮತದಿಂದ ಮೆಚ್ಚಿತು." ಇಷ್ಟು ಚಿಕ್ಕ ವಾಕ್ಯದಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ.

ಜುಲೈ 9, ಮಂಗಳವಾರ

ಶಾಲೆಯ ಗುಮಾಸ್ತರು ನನ್ನ ಬರಹವನ್ನು ಟೈಪು ಮಾಡಿ ಮನೆ ಮನೆಗೆ ತಂದು ಸಹಿ ಹಾಕಿಸಿಕೊಂಡು ಹೋದರು. ಪ್ಲಂಬರಣ್ಣ ಪೈಪಿನ ಮೇಲೆ ಕಾಗದ ಇಟ್ಟು ಸಹಿ ಮಾಡಿದರಂತೆ, ಡಾಕ್ಟರಮ್ಮ ಗ್ಲೌಸ್ ತೆಗೆಯದೆ. ನಾನು ಅಮ್ಮನ ಅಂಗಡಿಯ ಕತ್ತರಿ ಮೇಜಿನ ಮೇಲೆ ಹಾಕಿದೆ. ನನ್ನ ಸಹಿ ಚೆನ್ನಾಗಿ ಬಂತು.

ಜುಲೈ 24, ಬುಧವಾರ

ಶಿಕ್ಷಣ ಕಚೇರಿಯಿಂದ ಪತ್ರ ಬಂದಿದೆ. ಹೆಡ್ ಮೇಡಂ ಕರೆಸಿ ಓದಲು ಕೊಟ್ಟರು. "ಸಮಿತಿಯು ಓದುವ ಕೋಣೆಯನ್ನು ಸರ್ವಾನುಮತದಿಂದ ಮುಚ್ಚಿರುವುದನ್ನು ಗಮನಿಸಲಾಗಿದೆ. ತೆರವಾದ ಸದರಿ ಕೋಣೆಯಲ್ಲಿ, ಬೇರೆ ಶಾಲೆಯಿಂದ ಬರಲಿರುವ ಇಪ್ಪತ್ತು ಬೆಂಚುಗಳನ್ನು ಇರಿಸತಕ್ಕದ್ದು."

ಮೂರು ಸಲ ಓದಿದೆ. ಹೆಡ್ ಮೇಡಂ ನಡಾವಳಿಯ ಟೈಪು ಪ್ರತಿ ತೆಗೆದರು. ಅದರಲ್ಲಿ, ಕಪ್ಪು ಅಕ್ಷರದಲ್ಲಿ, ನೇರವಾಗಿ: "ಮುಚ್ಚಿತು." ಕೆಳಗೆ ಐದು ಸಹಿ. ನನ್ನದು ಎಲ್ಲಕ್ಕಿಂತ ಚೆಂದ.

"ಫೋನ್ ಮಾಡಿ ಹೇಳಿದ್ರೆ?" ಎಂದು ಕೇಳಿದವರು ಗುಮಾಸ್ತರು. ಹೆಡ್ ಮೇಡಂ ತಲೆ ಅಲ್ಲಾಡಿಸಿದರು. ಐದು ಜನ ಸಹಿ ಮಾಡಿದ ಕಾಗದವನ್ನು ಫೋನು ಅಳಿಸುವುದಿಲ್ಲ. ಆ ಐದೂ ಜನ ಮತ್ತೆ ಸೇರಿ ಬೇರೆ ನಿರ್ಣಯ ಮಾಡಬೇಕು.

ವರಾಂಡದಲ್ಲಿ ಟೀಚರ್ ಎದುರಾದರು. ಕೈಯಲ್ಲಿ ಪುಸ್ತಕಗಳ ಕಟ್ಟು. ಪತ್ರವನ್ನು ಅವರು ನನಗಿಂತ ಮೊದಲೇ ಓದಿದ್ದರು.

"ನೋಡಿ ಸದಸ್ಯರೇ," ಅಂದರು. "ಕೋಣೆ ಬೇಕಿದ್ರೆ ಎದುರಿಗೇ ಹೇಳಬಹುದಿತ್ತು ನೀವು. ಹೊಗಳಿ ಹೋಗಿ ಬೆನ್ನ ಹಿಂದೆ ಬೀಗ ಹಾಕೋದು ಯಾಕೆ? ನನ್ನ ಪುಸ್ತಕ ನಾನು ತಗೊಂಡು ಹೋಗ್ತಿದೀನಿ. ನಿಮಗೆ ತೊಂದರೆ ಇಲ್ಲ ತಾನೇ?"

ಹೇಳಲು ಒಂದೇ ವಾಕ್ಯವಿತ್ತು, "ಅದು ತಪ್ಪಾಗಿ ಬಿದ್ದ ಅಕ್ಷರ, ಟೀಚರ್" ಅಂತ. ಅದು ನಾಲಿಗೆಯವರೆಗೆ ಬಂದು ವಾಪಸು ಹೋಯಿತು. ಅವರು ದಾಟಿಕೊಂಡು ಹೋದರು.

ಜುಲೈ 25, ಗುರುವಾರ

"ನೀವು" ಅಂದರು ಟೀಚರ್. ನನ್ನನ್ನು.

ಜುಲೈ 26, ಶುಕ್ರವಾರ

ಬೆಳಿಗ್ಗೆಯೇ ಹೋಗಿ ಗುಮಾಸ್ತರ ಫೈಲಿನಿಂದ ನನ್ನ ಕೈಬರಹ ತೆಗೆಸಿದೆ. ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಮ ಬರೆಯುವಾಗ ನಾನು ಬಾಲವನ್ನು ಉದ್ದ ಎಳೆದು ಮೇಲಕ್ಕೆ ತಿರುಗಿಸುತ್ತೇನೆ, ಅಂದಕ್ಕೆ. ಅದು ಕೊಂಬಿನ ಹಾಗೆ ಕಾಣುತ್ತಿತ್ತು. ತಲೆಯ ಮೇಲಿನ ಎತ್ವ ಎಲ್ಲಿ? ಮೇಲಿನ ಸಾಲಿನ ಒತ್ತಕ್ಷರವೊಂದು ಸರಿಯಾಗಿ ಅದರ ಮೇಲೆ ಕೂತು ನುಂಗಿಹಾಕಿತ್ತು. ಎತ್ವ ಹೋಗಿ ಕೊಂಬು ಬಂದಿತ್ತು. ಮೆಚ್ಚಿದ್ದು ಮುಚ್ಚಿಹೋಗಿತ್ತು.

"ಅರ್ಥ ನೋಡಬಾರದಿತ್ತಾ?" ಎಂದು ಕೇಳಿದೆ.

"ಅರ್ಥ ನೋಡೋಕೆ ಹೋದ್ರೆ ಸ್ಪೀಡು ಹೋಗುತ್ತಮ್ಮ," ಅಂದರು ಗುಮಾಸ್ತರು. "ಇಪ್ಪತ್ತಾರು ವರ್ಷದಿಂದ ಕಣ್ಣಿಗೆ ಕಂಡದ್ದನ್ನ ಹೊಡೀತಿದೀನಿ. ನೀವು ಕೊಂಬು ಕೊಟ್ರಿ, ನಾನು ಕೊಂಬು ಹೊಡೆದೆ."

ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, "ಕೊಂಬು ಬಂದಿದ್ದು ಅಕ್ಷರಕ್ಕೆ ತಾನೇ? ನಿನಗೆ ಒಂದಾದ್ರೂ ಬಂದಿದ್ರೆ ಚೆನ್ನಾಗಿತ್ತು" ಅಂದಳು.

ಜುಲೈ 29, ಸೋಮವಾರ

ತುರ್ತು ಸಭೆ ಕರೆಯಲು ಐದೂ ಜನರ ಒಪ್ಪಿಗೆ ಬೇಕು. ಹೆಡ್ ಮೇಡಂ ತಮ್ಮದು ಕೊಟ್ಟರು. ಉಳಿದವರ ಹತ್ತಿರ ನಾನೇ ಹೋಗಬೇಕಾಯಿತು.

ಅಧ್ಯಕ್ಷರು ಬೆಳಗಿನ ಹೊತ್ತು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ನೋಡುತ್ತಿರುತ್ತಾರೆ. ನನ್ನ ಮಾತು ಕೇಳಿ, "ಆಗಿದ್ದು ಆಯ್ತು. ದಾಟಿದ ಸ್ಟಾಪಿಗೆ ಬಸ್ಸು ವಾಪಸ್ ಹೋಗಲ್ಲಮ್ಮ" ಅಂದರು.

"ದಾರಿ ತಪ್ಪಿದ್ರೆ ಸರ್? ಆಗಲೂ ತಿರುಗಿಸಲ್ವಾ?"

ಅವರು ಹೊರಟ ಬಸ್ಸೊಂದನ್ನು ನೋಡಿ, ಕೈಗಡಿಯಾರ ನೋಡಿಕೊಂಡರು. "ರಿವರ್ಸ್ ತಗೋಬೇಕು ಅಂದ್ರೆ ಒಬ್ಬರು ಹಿಂದೆ ಇಳಿದು ನಿಂತು, ಬರ್ಲಿ ಬರ್ಲಿ ಅಂತ ಕೂಗಬೇಕು. ನನಗೆ ವಯಸ್ಸಾಯ್ತು. ನೀನು ಕೂಗ್ತೀಯಾ?"

ಕೂಗ್ತೀನಿ ಅಂದೆ. ಬೇರೆ ಏನು ಹೇಳಲಿ, ಅಷ್ಟು ಜನರೆದುರು ಬೇಡವೆನ್ನಲು ನಾಚಿಕೆಯಾಯಿತು.

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ರೋಗಿಗಳ ಸಾಲಿನಲ್ಲಿ ಕೂತೆ. ನನ್ನ ಸರದಿ ಬಂದಾಗ, ನಾನು ಬಂದ ಕಾರಣ ಹೇಳುವ ಮೊದಲೇ, ಕುರ್ಚಿ ಹಿಂದಕ್ಕೆ ಬಾಗಿತು, ಕಣ್ಣಿಗೆ ದೀಪ ಬಿತ್ತು. "ಸಭೆಯಲ್ಲಂತೂ ಬಾಯಿ ತೆರೆಯಲ್ಲ, ಇಲ್ಲಾದ್ರೂ ತೆರೀರಿ," ಅಂದರು. ಬಾಯಲ್ಲಿ ಕನ್ನಡಿ ಇಟ್ಟುಕೊಂಡೇ ಹೇಳಿದೆ. ಸ್ವರಗಳು ಮಾತ್ರ ಹೊರಬಂದವು. ಅವರಿಗೆ ಅದು ಅರ್ಥವಾಗುತ್ತದೆ, ಅಭ್ಯಾಸ.

"ನೀವು ಹೇಳೋದು ಸರಿ. ಆದರೆ ಡಾಕ್ಟರು ಓದದೇ ಸಹಿ ಹಾಕ್ತಾರೆ ಅಂತ ಗೊತ್ತಾದ್ರೆ ನಾಳೆ ನನ್ನ ಚೀಟೀನ ಯಾರು ನಂಬ್ತಾರೆ?"

ಕನ್ನಡಿ ಹೊರಬಂದ ಮೇಲೆ ಹೇಳಿದೆ: "ಓದಲಿಲ್ಲ ಅಂತ ಬರೆಯಲ್ಲ ಮೇಡಂ. 'ಮತ್ತೊಮ್ಮೆ ಓದಲಾಗಿ ದೋಷ ಕಂಡುಬಂದಿತು' ಅಂತ ಬರೀತೀನಿ."

ಅವರು ಸಹಿ ಮಾಡಿದರು. ಎಡಗಡೆ ಹಿಂದಿನ ಹಲ್ಲು ಹುಳುಕಾಗಿದೆಯಂತೆ, ಮುಂದಿನ ವಾರ ಬರಬೇಕಂತೆ.

ಪ್ಲಂಬರಣ್ಣ ಮಾತ್ರ ಒಂದೂ ಪ್ರಶ್ನೆ ಕೇಳಲಿಲ್ಲ. "ಹಡಗಿನ ಪುಸ್ತಕ ಇನ್ನೂ ಅಲ್ಲೇ ಇದೆಯಾ?" ಅಂತ ಮಾತ್ರ ಕೇಳಿದರು. ಟೀಚರ್ ಮನೆಗೆ ಹೋಯಿತು ಅಂದೆ. ಪೆನ್ನು ಕಿತ್ತುಕೊಂಡು ಸಹಿ ಹಾಕಿದರು.

ಜುಲೈ 31, ಬುಧವಾರ

ಬೆಂಚುಗಳು ಬಂದೇಬಿಟ್ಟವು. ಲಾರಿಯವರು ಇಪ್ಪತ್ತನ್ನೂ ಓದುವ ಕೋಣೆಯಲ್ಲಿ ಸೂರಿನವರೆಗೆ ಪೇರಿಸಿ ಹೋದರು. ಗೋಡೆಯ ಪೆಟ್ಟಿಗೆಗಳಲ್ಲಿ ಶಾಲೆಯ ಪುಸ್ತಕಗಳಷ್ಟೇ ಉಳಿದಿವೆ, ಹಲ್ಲು ಬಿದ್ದ ಬಾಯಿಯ ಹಾಗೆ. ನಾಲ್ಕೈದು ಹುಡುಗಿಯರು ಬಾಗಿಲಲ್ಲಿ ನಿಂತು ಬಗ್ಗಿ ನೋಡುತ್ತಿದ್ದರು. ಒಬ್ಬಳು ನನ್ನನ್ನು, "ಇದನ್ನ ಮುಚ್ಚಿದ್ದು ನೀವಂತೆ, ಹೌದಾ?" ಎಂದು ಕೇಳಿದಳು.

ಹೌದು ಅಂದೆ. ಶನಿವಾರದೊಳಗೆ ತೆರೆಯುವವಳೂ ನಾನೇ ಅಂದೆ. ಯಾಕೆ ಹಾಗಂದೆನೋ, ಗಡುವು ಕೊಡುವ ಅಭ್ಯಾಸ ನನಗಿಲ್ಲ.

ಆಗಸ್ಟ್ 1, ಗುರುವಾರ

ತುರ್ತು ಸಭೆ. "ಹಿಂದಿನ ನಡಾವಳಿಯನ್ನು ಓದಿದಂತೆ..." ಎಂದು ಅಧ್ಯಕ್ಷರು ಅಭ್ಯಾಸಬಲದಿಂದ ಶುರು ಮಾಡಿದರು. "ಬೇಡ ಸರ್, ಓದೋಣ" ಅಂದೆ. ಎದ್ದು ನಿಂತೆ, ಆ ಪುಟ್ಟ ಕುರ್ಚಿಯೂ ನನ್ನ ಜೊತೆ ಎದ್ದಿತು. ಪ್ಲಂಬರಣ್ಣ ಎಳೆದು ಬಿಡಿಸಿದರು.

ಹೆಡ್ ಮೇಡಂ ಮೆಲ್ಲಗೆ, ಟೈಪಿಂಗ್ ದೋಷ ಎಂದಷ್ಟೇ ಬರೆದರೆ ಮುಗಿಯಿತಲ್ಲ ಅಂದರು. ಗುಮಾಸ್ತರು ಮೂಲೆಯಲ್ಲಿ ನಿಂತು ನೆಲ ನೋಡುತ್ತಿದ್ದರು. "ಅವರು ಕಂಡದ್ದನ್ನು ಹೊಡೆದಿದಾರೆ ಮೇಡಂ. ತಪ್ಪು ಕಾಣೋ ಹಾಗೆ ಬರೆದವಳು ನಾನು. ಓದದೆ ಸಹಿ ಹಾಕಿದವಳೂ ನಾನು. 'ಬರೆದವರ ಅಕ್ಷರದೋಷದಿಂದ' ಅಂತಲೇ ಬರೀತೀನಿ." ಗುಮಾಸ್ತರು ತಲೆ ಎತ್ತಿದರು. ಆಮೇಲೆ ಅವರು ತಂದ ಚಹಾದ ಜೊತೆ ನನಗೆ ಎರಡು ಬಿಸ್ಕತ್ತು ಹೆಚ್ಚು ಬಂತು.

ನಿರ್ಣಯ ಓದಿದೆ. "ಮತ್ತೊಮ್ಮೆ ಓದಲಾಗಿ ದೋಷ ಕಂಡುಬಂದಿತು."

"ಅಲ್ಲಾ, ಮತ್ತೊಮ್ಮೆ ಅಂದ್ರೆ ಮೊದಲು ಒಂದ್ಸಲ ಓದಿದೀವಿ ಅಂತಾಗುತ್ತಲ್ಲ?" ಅಂದರು ಪ್ಲಂಬರಣ್ಣ.

"ಓದಿದಂತೆ ಭಾವಿಸಲಾಗಿದೆ" ಅಂದೆ.

ಮೊದಲು ನಕ್ಕವರು ಡಾಕ್ಟರಮ್ಮ. ಐದೂ ಜನ ಒಬ್ಬೊಬ್ಬರಾಗಿ ಕಾಗದವನ್ನು ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿದರು. ಅಧ್ಯಕ್ಷರು ಕೊನೆಗೂ ಸೀಟಿ ಊದಿದರು. ಪಕ್ಕದ ತರಗತಿಯ ಮಕ್ಕಳು ಆಟದ ಅವಧಿ ಎಂದುಕೊಂಡು ಹೊರಗೆ ಓಡಿದರು.

ಆಗಸ್ಟ್ 2, ಶುಕ್ರವಾರ

ಅಧ್ಯಕ್ಷರ ಜೊತೆ ಶಿಕ್ಷಣ ಕಚೇರಿಗೆ ಹೋದೆ. ಅವರು ಮಾತಾಡುತ್ತಾರೆ, ನಾನು ಕಾಗದ ಹಿಡಿದುಕೊಳ್ಳುವುದು ಎಂದು ಮಾತಾಗಿತ್ತು. ಆದರೆ ಅಧಿಕಾರಿಯ ಕೋಣೆಗೆ ಕಾಲಿಟ್ಟ ಕೂಡಲೆ ಅಧ್ಯಕ್ಷರು ಟಿಕೆಟ್ ಇಲ್ಲದ ಪ್ರಯಾಣಿಕನಂತೆ ಮುದುಡಿ ಕೂತರು.

ಅಧಿಕಾರಿ ಹೊಸ ನಿರ್ಣಯ ಓದಿದರು. "ಸರಿ, ಕೋಣೆ ಮುಚ್ಚೋದು ಬೇಡ. ಆದರೆ ಬೆಂಚು ಎಲ್ಲಿ ಹಾಕ್ಲಿ? ನನ್ನ ತಲೆ ಮೇಲಾ? ಕೋಣೆ ಇದೆ ಅಂದ್ರಿ, ಕಳಿಸಿದೆ. ನನ್ನ ಆದೇಶ ಆದೇಶವೇ."

"ಆದೇಶ ಬದಲಾಯಿಸೋದೇ ಬೇಡ ಸರ್," ಅಂದೆ. ಪತ್ರ ತೆಗೆದು ಅವರ ಮುಂದಿಟ್ಟೆ. "ಬೆಂಚುಗಳನ್ನು ಸದರಿ ಕೋಣೆಯಲ್ಲಿ ಇರಿಸತಕ್ಕದ್ದು ಅಂತಿದೆ. ಪೇರಿಸತಕ್ಕದ್ದು ಅಂತ ಇಲ್ಲ. ಇರಿಸ್ತೀವಿ, ಸಾಲಾಗಿ, ನೆಲದ ಮೇಲೆ. ಅದರ ಮೇಲೆ ಮಕ್ಕಳು ಕೂರಬಾರದು ಅಂತಲೂ ಇಲ್ಲ. ಕೂತು ಓದಬಾರದು ಅಂತಂತೂ ಎಲ್ಲೂ ಇಲ್ಲ. ಹನ್ನೆರಡು ಅಲ್ಲಿ ಹಿಡಿಯುತ್ತೆ, ಅಳತೆ ಮಾಡಿದೀನಿ. ಉಳಿದ ಎಂಟನ್ನು ಬಾಗಿಲಾಚೆ ವರಾಂಡದಲ್ಲಿ. 'ಸದರಿ ಕೋಣೆ' ಅಂದ್ರೆ ಅದರ ವರಾಂಡವೂ ಸೇರಿದಂತೆ ಅಂತ ಒಂದು ಸಾಲು ಸೇರಿಸಿದ್ರೆ ಆಯ್ತು."

"ನೀವು ವಕೀಲರಾ?"

"ಅಲ್ಲ ಸರ್, ಸಾಹಿತ್ಯ."

"ಓ, ಅದಕ್ಕೇ. ಇಲ್ಲದ ಅರ್ಥ ಹುಡುಕೋರು."

"ಇಲ್ಲದ್ದು ಏನೂ ಹುಡುಕಿಲ್ಲ ಸರ್. ಇರೋದನ್ನ ಓದಿದೆ ಅಷ್ಟೇ."

ಅವರು ನನ್ನನ್ನೂ ಪತ್ರವನ್ನೂ ನೋಡಿದರು. ಪೆನ್ನು ತೆಗೆದು ಆ ಸಾಲನ್ನು ಸೇರಿಸಿದರು. ಮುಚ್ಚಿದ್ದು ರದ್ದು, ಬೆಂಚುಗಳು ನಮ್ಮವು. ಸದ್ಯ, ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಆಗಸ್ಟ್ 3, ಶನಿವಾರ

ಬಾಗಿಲು ತೆರೆದಿದೆ. ಬೆಂಚುಗಳು ಮಕ್ಕಳಿಗೆ ಎತ್ತರ, ಕಾಲು ನೆಲಕ್ಕೆ ತಾಗುವುದಿಲ್ಲ. ಪ್ಲಂಬರಣ್ಣ ಗರಗಸ ತಂದು ಬೆಂಚಿನ ಕಾಲುಗಳನ್ನು ಒಂದೊಂದು ಗೇಣು ಕತ್ತರಿಸಿದರು. ಜನ ಏನಂತಾರೆ ಎಂದು ಕೇಳಿದ್ದಕ್ಕೆ, "ಇದು ಮರ, ನಲ್ಲಿ ಅಲ್ಲ" ಅಂದರು. ಹಾಗಾದರೆ ಸೋಮವಾರ ನಲ್ಲಿಗೂ ಬನ್ನಿ, ಏಳು ಬಾಕಿ ಇವೆ, ಬರದಿದ್ದರೆ ನಡಾವಳಿಯಲ್ಲಿ ಬರೆಯುತ್ತೇನೆ ಅಂದೆ. ಬರುತ್ತಾರೆ.

ಆದರೆ ಪೆಟ್ಟಿಗೆಗಳು ಅರ್ಧ ಖಾಲಿ. ಟೀಚರ್ ಪಾಠ ಮುಗಿಸಿ ನೇರವಾಗಿ ಮನೆಗೆ ಹೋಗುತ್ತಾರೆ. ಕೋಣೆಯ ಕಡೆ ತಿರುಗಿಯೂ ನೋಡುವುದಿಲ್ಲ. ಹೆಡ್ ಮೇಡಂ ಹೇಳಿದ್ದಕ್ಕೆ, "ನಿರ್ಣಯ ಮಾಡೋರು ಅವರು, ಬದಲಾಯಿಸೋರೂ ಅವರು. ನಾಳೆ ಇನ್ನೇನು ಮಾಡ್ತಾರೋ" ಅಂದರಂತೆ. ಹೊಸ ನಿರ್ಣಯದ ಪ್ರತಿ ಕೊಟ್ಟರೆ ಮಡಿಚಿ ಬ್ಯಾಗಿಗೆ ಹಾಕಿಕೊಂಡರಂತೆ, ಓದದೆ.

ಸಂಜೆ ಪಕ್ಕದ ಅಂಗಡಿಯವರು ಅಮ್ಮನ ಹತ್ತಿರ, ನಿಮ್ಮ ಮಗಳು ಪಾಪ, ಬಹಳ ಸಂಕೋಚ ಅಲ್ವಾ ಅಂದರು. ಅಮ್ಮ ಕತ್ತರಿ ಕೆಳಗಿಟ್ಟು ಜೋರಾಗಿ ನಕ್ಕಳು. ನಗುವಂಥದ್ದು ಏನಿತ್ತೋ. ಹೌದು, ನನಗೆ ಸಂಕೋಚವೇ.

ಆಗಸ್ಟ್ 4, ಭಾನುವಾರ

ಟೀಚರ್ ಮನೆಗೆ ಹೋದೆ. ಕೈಯಲ್ಲಿ ನನ್ನ ಜುಲೈ ಆರರ ಕೈಬರಹ, ಗುಮಾಸ್ತರಿಂದ ಕಡ ತಂದದ್ದು. ಬಾಗಿಲು ತೆಗೆದು, "ಬನ್ನಿ" ಅಂದರು. ಕೂರಿ ಎನ್ನಲಿಲ್ಲ. ಹಿಂದೆ ಗೋಡೆಗೆ ಒರಗಿಸಿ ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗಳು, ದಾರ ಕಟ್ಟಿದ್ದು ಹಾಗೇ ಇತ್ತು.

ಹೇಳಲು ಮನೆಯಿಂದ ಸಿದ್ಧ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಕಾಗದವನ್ನು ಚಾಚಿ, ಕೊನೆಯ ಸಾಲಿಗೆ ಬೆರಳಿಟ್ಟು, "ಟೀಚರ್, ಇದನ್ನ ಓದಿ. ನಾನು ಬರೆದದ್ದು ಏನು ಅಂತ ಹೇಳಿ" ಅಂದೆ.

ಅವರು ಕನ್ನಡಕ ಹುಡುಕಿದರು. ಬೆಳಕಿಗೆ ತಿರುಗಿದರು. ಓದಿದರು, ಕಾಗದವನ್ನು ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಒಳಗೆ ಹೋಗಿ ಕೆಂಪು ಪೆನ್ನು ತಂದು ಆ ಮಕಾರದ ಸುತ್ತ ಒಂದು ದೊಡ್ಡ ವೃತ್ತ ಎಳೆದರು.

"ಮಕಾರಕ್ಕೆ ಇಷ್ಟುದ್ದ ಬಾಲ ಬಿಡಬೇಡ ಅಂತ ನಾಲ್ಕನೇ ಕ್ಲಾಸಲ್ಲಿ ಎಷ್ಟು ಸಲ ಬಡ್ಕೊಂಡಿದೀನಿ? ಕೇಳಿದ್ಯಾ ನೀನು? ಎಂ.ಎ. ಬೇರೆ ಮಾಡಿದೀಯ. ಕೂತ್ಕೋ ಇಲ್ಲಿ. ಹತ್ತು ಸಲ ಬರಿ."

ನೆಲದ ಮೇಲೆ ಕೂತು ಬರೆದೆ. ಮೆಚ್ಚಿತು, ಮೆಚ್ಚಿತು, ಮೆಚ್ಚಿತು. ಎತ್ವ ಸ್ಪಷ್ಟವಾಗಿ, ಬಾಲ ಗಿಡ್ಡವಾಗಿ, ಒಂದೊಂದಕ್ಕೂ ಸಾಲು ಬಿಟ್ಟು. ಹತ್ತಾದ ಮೇಲೂ ಬರೆಯುತ್ತಲೇ ಇದ್ದೆ. ಹದಿಮೂರನೆಯದಕ್ಕೆ ಬಂದಿದ್ದೆನೇನೋ, ಟೀಚರ್ ಒಂದು ಪೆಟ್ಟಿಗೆಯ ತುದಿ ಎತ್ತಿ ಹಿಡಿದು, "ಸಾಕು ಏಳೇ, ಆ ಕಡೆ ಹಿಡ್ಕೋ" ಅಂದರು.